ನಳಿಗೆಯನ್ನು ನಂಬದ ಕೋವಿಯಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಕಚೇರಿಗಳ ಸಾಲಿನ ಎದುರಿಗಿರುವ ಒಂದೇ ಕೋಣೆಯ ಅಂಗಡಿಯ ಷಟರ್ ಸೊಂಟದ ಮಟ್ಟಕ್ಕೆ ಮಾತ್ರ ಎದ್ದಿದೆ. ಬಗ್ಗಿ ಒಳಗೆ ಹೋದವರಿಗೆ ಮೊದಲು ಎದುರಾಗುವುದು ಎಣ್ಣೆಯ ವಾಸನೆ. ಆಮೇಲೆ ಹಳೆಯ ಕಂಬಳಿ ಹಾಸಿದ ಮೇಜು, ಮೇಜಿನ ಮೇಲೊಂದು ಬಂದೂಕು, ಅದರ ಮೇಲೆ ಬಾಗಿ ನಿಂತ ಐವತ್ತು ದಾಟಿದ ಹೆಂಗಸು. ಕನ್ನಡಕ ಮೂಗಿನ ತುದಿಗೆ ಜಾರಿದೆ. ತೋಟಾ ಕೂರುವ ಜಾಗಕ್ಕೆ ಕಿರುಬೆರಳು ತೂರಿಸಿ, ಒಂದು ಸುತ್ತು ತಿರುಗಿಸಿ, "ಖಾಲಿ" ಎನ್ನುತ್ತಾರೆ. ಮೂಲೆಯ ಕುರ್ಚಿಯಿಂದ ಇನ್ನೊಂದು ದನಿ, "ಖಾಲಿ ತಾನೇ?" ಎಂದು ಕೇಳುತ್ತದೆ. ಇವರು ಮತ್ತೊಮ್ಮೆ ಬೆರಳಿಟ್ಟು ನೋಡಿ, "ಖಾಲಿ, ಮಾವ" ಎನ್ನುತ್ತಾರೆ. ಹೀಗೆ ಎರಡು ಸಲ ಖಾಲಿ ಎನ್ನುವವರೆಗೆ ಈ ಅಂಗಡಿಯಲ್ಲಿ ಯಾವ ಬಂದೂಕಿಗೂ ಇಕ್ಕಳ ತಾಗುವಂತಿಲ್ಲ.

ಆಮೇಲೆ ಬಂದೂಕಿನ ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳುತ್ತಾರೆ. ಕರ್ರ್, ಟಕ್.

"ಮಾವ, ಹೇಳಿ ನೋಡೋಣ."

"ಒಂಟಿ ಸಲಾಕೆ. ಸ್ಪ್ರಿಂಗ್ ಬೇರೆ ಸೋತಿದೆ. ಇದರ ಒಡೆಯ ಎಣ್ಣೆ ಕಾಣಿಸಿಯೇ ಇಲ್ಲ, ಪುಣ್ಯಾತ್ಮ."

ಕುರ್ಚಿಯಲ್ಲಿ ಕೂತವರಿಗೆ ಎಂಬತ್ತರ ಹತ್ತಿರ. ಕಣ್ಣು ಪೂರ್ತಿ ಹೋಗಿದೆ, ಕಿವಿ ಮಾತ್ರ ಪಕ್ಕದ ಬೀದಿಯ ಜಗಳವನ್ನೂ ಬಿಡುವುದಿಲ್ಲ. ಸೊಸೆ ಬಂದೂಕಿನ ಹಿಡಿ ಎಳೆಯುವುದು, ಮಾವ ಸದ್ದು ಕೇಳಿ ಅದು ಯಾವ ಮಾದರಿಯೆಂದು ಹೇಳುವುದು, ಇದು ಈ ಅಂಗಡಿಯ ದಿನದ ಬೋಣಿ. ಇಬ್ಬರಿಗೂ ಆಟವಿದ್ದ ಹಾಗೆ. ಆಟದಲ್ಲಿ ಮಾವ ಸೋತದ್ದನ್ನು ಯಾರೂ ಕಂಡಿಲ್ಲ.

ಊರವರಿಗೆಲ್ಲ ಈಕೆ ಕೋವಿಯಕ್ಕ. ಬಂದೂಕು ರಿಪೇರಿ ಮಾಡುವ ಪರವಾನಗಿ ಇರುವ ಅಂಗಡಿ ಸುತ್ತಮುತ್ತ ಇದೊಂದೇ. ವರ್ಷಕ್ಕೊಮ್ಮೆ ಲೈಸೆನ್ಸಿನ ಬಂದೂಕುಗಳೆಲ್ಲ ಎದುರು ಕಟ್ಟಡದ ದೊಡ್ಡ ಹಾಲಿನಲ್ಲಿ ತಪಾಸಣೆಗೆ ಹಾಜರಾಗಬೇಕು. ಆ ವಾರ ಬಂತೆಂದರೆ ಅಕ್ಕನಿಗೆ ಉಸಿರಾಡಲು ಪುರುಸೊತ್ತಿಲ್ಲ. ಬುದ್ಧಿ ಇದ್ದವರು ಹಾಲಿಗೆ ಹೋಗುವ ಮೊದಲು ಇಲ್ಲಿಗೆ ಬರುತ್ತಾರೆ, ಉಳಿದವರನ್ನು ಹಾಲಿನವರೇ ಇಲ್ಲಿಗೆ ಅಟ್ಟುತ್ತಾರೆ. ಕೈಯಲ್ಲಿರುವುದು ಯಾವ ಮಾದರಿ ಎಂದು ಗುರುತಿಸಿ ಲೈಸೆನ್ಸಿಗಾಗಿ ಮೊಹರು ಒತ್ತಿ ಬರೆದುಕೊಡಬೇಕು, ಅದಕ್ಕೆ ತಗುಲಿಸಿದ್ದೆಲ್ಲ ಕಾನೂನಿನೊಳಗೆ ಇದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಸರಿಪಡಿಸಬೇಕು. ಹೇಳುವುದಕ್ಕೆ ಇಷ್ಟೇ ಕೆಲಸ. ಇಷ್ಟರಲ್ಲೇ ಒಬ್ಬರ ನೌಕರಿ, ಇನ್ನೊಬ್ಬರ ಮಾನ, ಮತ್ತೊಬ್ಬರ ಜೈಲು ಎಲ್ಲ ಸೇರಿಕೊಂಡಿರುತ್ತವೆ.

"ಜನ ಮೊದಲು ನಳಿಗೆ ತೋರಿಸ್ತಾರೆ, ಯಾಕಂದ್ರೆ ಹೆಸರು ಕೊರೆದಿರೋದು ಅಲ್ಲಿ" ಎನ್ನುತ್ತಾರೆ ಅಕ್ಕ, ಒರೆಸುವ ಬಟ್ಟೆಯನ್ನು ಕೊಡವುತ್ತಾ. "ನಳಿಗೆ ತಿರುಗಿಸಿದ್ರೆ ಬಿಚ್ಚಿಕೊಳ್ಳುತ್ತೆ. ಹಿಂದಿನ ಮರ ಸೀಳಿದ್ರೆ ಬೇರೆ ಮರ ಹಾಕಿಸ್ತಾರೆ. ಒಬ್ಬರ ಕೋಟು ನೋಡಿ ಗುರುತು ಇಟ್ಕೊಂಡ್ರೆ ಅವರು ಕೋಟು ಬದಲಾಯಿಸಿದ ದಿನ ಏನ್ ಮಾಡ್ತೀರಿ? ಬಂದೂಕು ಅಂದ್ರೆ ಅದರ ಮೈ. ನಡುವೆ ಇರುತ್ತಲ್ಲ, ನಂಬರ್ ಹೊಡೆದ ಕಬ್ಬಿಣ, ಅದು. ಮಿಕ್ಕಿದ್ದೆಲ್ಲ ಬಟ್ಟೆ ಬರೆ."

ಬಟ್ಟೆ ಬರೆಯ ಜೊತೆ ಒಡವೆಯ ಕಾಟವೂ ಉಂಟು. ಬಂದೂಕಿಗೆ ಏನಾದರೂ ಸಿಕ್ಕಿಸುವ ಗೀಳು ಒಮ್ಮೆ ಹತ್ತಿದರೆ ಬಿಡುವುದಿಲ್ಲವಂತೆ. ಒಬ್ಬರಿಗೆ ಟಾರ್ಚು ಬೇಕು, ಒಬ್ಬರಿಗೆ ದುರ್ಬೀನು ಬೇಕು, ಮತ್ತೊಬ್ಬರಿಗೆ ಹಿಂದಿನ ಮರವನ್ನು ಮಡಚುವ ಹಾಗೆ ಮಾಡಿಸಬೇಕು. ಕಳೆದ ವರ್ಷ ನಿವೃತ್ತ ಮೇಷ್ಟರೊಬ್ಬರು ನಳಿಗೆಯ ತುದಿಗೆ ಸದ್ದಡಗಿಸುವ ಕೊಳವೆಯೊಂದನ್ನು ಸಿಕ್ಕಿಸಿಕೊಂಡು ಗತ್ತಿನಿಂದ ಬಂದಿದ್ದರು. ಫೋನಿನಲ್ಲಿ ಆರ್ಡರ್ ಮಾಡಿದ್ದಂತೆ, ನಳಿಗೆ ಶುಚಿ ಮಾಡುವ ಸಾಧನ ಎಂದುಕೊಂಡಿದ್ದರಂತೆ. ಅಕ್ಕ ಅವರನ್ನು ಕೂರಿಸಿ, ಒಂದು ಲೋಟ ನೀರು ಕೊಟ್ಟು, ಅದಕ್ಕೆ ಎಷ್ಟು ವರ್ಷ ಜೈಲು ಎಂದು ಮೆಲ್ಲಗೆ ತಿಳಿಸಿದರು. ಮೇಷ್ಟರು ನೀರು ಕುಡಿಯುವುದನ್ನೇ ಮರೆತರು. ಆಮೇಲೆ ಇಬ್ಬರೂ ರಸ್ತೆ ದಾಟಿ ಹೋಗಿ, ನಡೆದದ್ದನ್ನು ನಡೆದ ಹಾಗೆ ಹೇಳಿ, ಅದನ್ನು ಒಪ್ಪಿಸಿ ಬಂದರು. ತಾವಾಗಿಯೇ ಒಪ್ಪಿಸಿದ್ದರಿಂದ ಮೇಷ್ಟರು ಬರೀ ಬೈಸಿಕೊಂಡು ಪಾರಾದರು.

"ಇಲ್ಲೇ ಬಿಚ್ಚಿ ಎಸೆದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಅಂತ ಆಮೇಲೆ ಸುಮಾರು ಜನ ಅಂದ್ರು" ಎನ್ನುತ್ತಾರೆ ಅಕ್ಕ. "ನನಗೆ ಗೊತ್ತಿರ್ತಿತ್ತಲ್ಲ."

ಎದುರಿನ ತಪಾಸಣೆ ಶುರುವಾಗಿ ಸ್ವಲ್ಪ ಹೊತ್ತಿಗೆ ಷಟರ್ ಪೂರ್ತಿ ಮೇಲೇರುತ್ತದೆ. ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಅರಗಿನ ಮುದ್ರೆ ಒತ್ತಿದ ಬಂದೂಕನ್ನು ಹಿಡಿದು ಎದುರು ಹಾಲಿನ ಪೇದೆ ಒಳಗೆ ಬರುತ್ತಾರೆ. ಅವರ ಹಿಂದೆ ಸಮವಸ್ತ್ರದ ಕಾವಲುಗಾರರೊಬ್ಬರು. ಇಸ್ತ್ರಿ ಗರಿ ಮುರಿದಿಲ್ಲ, ಮುಖ ಮಾತ್ರ ಬಿಳಿಚಿಕೊಂಡಿದೆ. ಬಟ್ಟೆ ಗೋದಾಮಿನ ಗೇಟಿನಲ್ಲಿ ವರ್ಷಗಳಿಂದ ನಿಂತವರು. ಬಂದೂಕು ಇದ್ದರೆ ಆ ಕೆಲಸ, ಇಲ್ಲದಿದ್ದರೆ ಇಲ್ಲ.

ಪೇದೆ ವಿಷಯ ಹೇಳುತ್ತಾರೆ. ಇಲ್ಲಿನ ನಿಯಮದಂತೆ ಇಂಥ ಬಂದೂಕಿನ ತೋಟಾ ಕೊಳವೆ, ಅಂದರೆ ನಳಿಗೆಯ ಕೆಳಗಿರುವ ಉದ್ದನೆಯ ಕೊಳವೆ, ಎರಡು ತೋಟಾ ಮಾತ್ರ ಹಿಡಿಯಬೇಕು. ಹಾಲಿನಲ್ಲಿ ಪ್ರತಿ ವರ್ಷ ಮರದ ನಕಲಿ ತೋಟಾ ತುಂಬಿ ನೋಡುತ್ತಾರೆ. ಇವರ ಬಂದೂಕು ಎಂದೂ ಎರಡರ ಮೇಲೆ ಹಿಡಿದಿರಲಿಲ್ಲ. ನಂಬರ್ ಸರಿ, ತೋಟಾ ಎರಡೇ, ನಡೀರಿ ಎಂದು ಕಳಿಸುತ್ತಿದ್ದರು. ಇಂದು ಬೆಳಿಗ್ಗೆ ಮೂರನೆಯದೂ ಹೋಯಿತು, ನಾಲ್ಕನೆಯದೂ ಹೋಯಿತು. ಐದನೆಯದು ಒಳಗೆ ಸೇರಿದಾಗ ತಪಾಸಣೆ ಅಧಿಕಾರಿ ಪೆನ್ನು ಕೆಳಗಿಟ್ಟರಂತೆ.

"ಲೈಸೆನ್ಸಲ್ಲಿ ಒಂಟಿ ಸಲಾಕೆ ಅಂತಿದೆ. ಅದರ ಕೊಳವೆ ಕೊರೆಸಿ ದೊಡ್ಡದು ಮಾಡಿಸಿದಾರೆ ಅನ್ನೋ ಅನುಮಾನ" ಎನ್ನುತ್ತಾರೆ ಪೇದೆ. "ಸರ್ ಅಂದ್ರು, ಕೇಸ್ ಬರೆಯೋಕೆ ಮುಂಚೆ ಕೋವಿಯಕ್ಕ ನೋಡ್ಲಿ, ತಿದ್ದಿದ್ದು ಹೌದಾ ಅಲ್ವಾ ಅಂತ ಮಧ್ಯಾಹ್ನದೊಳಗೆ ಹೇಳ್ಲಿ ಅಂತ."

"ನಾನು ಏನೂ ಮಾಡಿಲ್ಲ ಅಕ್ಕಾ" ಎನ್ನುತ್ತಾರೆ ಕಾವಲುಗಾರ. "ಕೆಲಸ ಹೋದ್ರೆ ಹೋಗ್ಲಿ ಅನ್ನೋ ಹಾಗೂ ಇಲ್ಲ. ತಿದ್ದಿದ್ದು ಅಂತಾದ್ರೆ ನನ್ನನ್ನ ಒಳಗೇ ಹಾಕ್ತಾರೆ."

"ಕೂತ್ಕೊಳ್ಳಿ. ಮಾಡಿಲ್ಲ ಅಂದ್ರೆ ಬಂದೂಕೇ ಹೇಳುತ್ತೆ" ಎಂದು ಅಕ್ಕ ಮುದ್ರೆ ಒಡೆಯುತ್ತಾರೆ.

ಎದುರಿಗೆ ನಿಂತವರು ಗಾಬರಿಯಾದಷ್ಟೂ ಕೋವಿಯಕ್ಕನ ಕೈ ನಿಧಾನವಾಗುತ್ತದೆ. ಇದು ಹುಟ್ಟುಗುಣವಲ್ಲ, ಈ ಮೇಜಿನಲ್ಲೇ ಕಲಿತದ್ದು. ಮದುವೆಯಾಗಿ ಈ ಮನೆಗೆ ಬಂದಾಗ ಬಂದೂಕನ್ನು ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವರಲ್ಲ. ಅಂಗಡಿಗೆ ವಾರಸುದಾರನಾಗಬೇಕಿದ್ದ ಗಂಡನಿಗೋ ಸದ್ದು ಕಂಡರೆ ಪ್ರಾಣಭಯ. ಶಾಲೆಯ ವ್ಯಾನು ಓಡಿಸುತ್ತಾರೆ. ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರೂ ಜಗ್ಗದ ಮನುಷ್ಯ, ಅಪ್ಪನ ಅಂಗಡಿಯ ಒಳಗೆ ಕಾಲಿಡಬೇಕಾದರೆ ಇಂದಿಗೂ ಹೊರಗೆ ನಿಂತು ಎರಡು ಸಲ "ಖಾಲಿ" ಕೇಳಿಸಿಕೊಳ್ಳುತ್ತಾರೆ. ಹೀಗಾಗಿ ಟೀ ಕೊಡಲು ಬರುತ್ತಿದ್ದ ಸೊಸೆಯ ಕೈಗೆ ಮಾವ ಒಂದು ದಿನ ಲೋಟದ ಬದಲು ಸ್ಕ್ರೂಡ್ರೈವರ್ ಕೊಟ್ಟರು. ಕಣ್ಣಿಗೆ ಬಟ್ಟೆ ಕಟ್ಟಿ ಬಂದೂಕು ಬಿಚ್ಚಿಸಿದರು, ಜೋಡಿಸಲು ಹೇಳಿದರು. ಒಂದು ಸ್ಪ್ರಿಂಗು ಹಾರಿ ಸೂರಿಗೆ ಸಿಕ್ಕಿಕೊಂಡದ್ದು ಇಂದಿಗೂ ಅಲ್ಲೇ ಇದೆ.

ಮೊದಮೊದಲು, ಮಾವ ಇಲ್ಲದ ಹೊತ್ತಿನಲ್ಲಿ, ಗಿರಾಕಿಗಳು ಬಾಗಿಲಲ್ಲಿ ನಿಂತು, "ಗಂಡಸರು ಯಾರೂ ಇಲ್ವಾ?" ಎನ್ನುತ್ತಿದ್ದರು. "ಇದಾರೆ, ಹೊರಗೆ ವ್ಯಾನಲ್ಲಿ ಹೆದರ್ಕೊಂಡು ಕೂತಿದಾರೆ, ಕರೀಲಾ?" ಎನ್ನುತ್ತಿದ್ದರು ಅಕ್ಕ. ಕೆಲವರು ಮೂಗು ಮುರಿದು ವಾಪಸು ಹೋದರು. ಹೋದವರಲ್ಲಿ ಹೆಚ್ಚಿನವರು ತಪಾಸಣೆಯ ವಾರದಲ್ಲಿ ತಲೆ ತಗ್ಗಿಸಿಕೊಂಡು ಮತ್ತೆ ಬಂದರು. ಮಾವನ ಕಣ್ಣು ಹೋದ ಮೇಲೆ ಮೇಜು ಪೂರ್ತಿ ಸೊಸೆಯದಾಯಿತು. ಅಂಗಡಿಯ ಪರವಾನಗಿ ಮಾತ್ರ ಇನ್ನೂ ಮಾವನ ಹೆಸರಿನಲ್ಲೇ ಇದೆ, ಅದಕ್ಕೇ ಅವರು ದಿನವೂ ಬಂದು ಕೂರಲೇಬೇಕು. ಸೊಸೆಯ ಹೆಸರಿಗೆ ಮಾಡಿಕೊಡಿ ಎಂಬ ಅರ್ಜಿ ಎದುರು ಕಟ್ಟಡದ ಇದೇ ಅಧಿಕಾರಿಯ ಮುಂದಿದೆ. ಒಬ್ಬಳೇ ಮಗಳು ದಂತವೈದ್ಯೆಯಾಗಲು ಓದುತ್ತಿದ್ದಾಳೆ. "ಅವಳೂ ನನ್ನ ಹಾಗೇ, ದೀಪ ಹಿಡಿದು ತೂತು ನೋಡೋ ಕೆಲಸ" ಎಂದು ಅಕ್ಕ ನಗುತ್ತಾರೆ.

ಈಗ ಅವರು ನಗುತ್ತಿಲ್ಲ. ಕಾವಲುಗಾರರ ಬಂದೂಕಿನ ನಳಿಗೆಯ ಮೇಲೆ ಒಂಟಿ ಸಲಾಕೆಯ ಹೆಸರೇ ಕೊರೆದಿದೆ. ಅಕ್ಕ ಅದನ್ನು ಓದಿ, ಓದಿಲ್ಲವೆಂಬಂತೆ ಬದಿಗೆ ಸರಿಸುತ್ತಾರೆ. ಖಾಲಿ ಎಂದು ಎರಡು ಸಲ ಹೇಳಿ, ಹಿಡಿಯನ್ನು ಎಳೆದು ತಳ್ಳುತ್ತಾರೆ. ಕರಕ್, ಟಕ್.

"ಜೋಡಿ ಸಲಾಕೆ!" ಮೂಲೆಯಿಂದ ಮಾವನ ದನಿ, ಕೇಳುವ ಮೊದಲೇ. "ಒಳ್ಳೇ ಬಂದೂಕು. ಚೆನ್ನಾಗಿ ಇಟ್ಕೊಂಡಿದಾನೆ."

ಒಂದೇ ಕಾರ್ಖಾನೆಯ ಎರಡು ಮಾದರಿಗಳಿವು, ಹೊರಗಿನಿಂದ ಅವಳಿಗಳು. ಒಂದರಲ್ಲಿ ಹಿಡಿಯನ್ನು ಮೈಗೆ ಜೋಡಿಸುವ ಸಲಾಕೆ ಒಂದೇ, ಹಾಗಾಗಿ ಎಳೆದಾಗ ಸ್ವಲ್ಪ ವಾಲಾಡಿ ಕರ್ರ್ ಎನ್ನುತ್ತದೆ. ಇನ್ನೊಂದರಲ್ಲಿ ಎರಡು, ಅದು ನೆಟ್ಟಗೆ ಬರುತ್ತದೆ. ಒಂಟಿ ಸಲಾಕೆಯ ಕೊಳವೆಯನ್ನು ಕಾರ್ಖಾನೆಯಲ್ಲೇ ಎರಡು ಕಡೆ ಅದುಮಿ ಒಳಗೆ ಗುಬುಟು ಮಾಡಿರುತ್ತಾರೆ, ಮೂರನೆಯ ತೋಟಾ ಹೋಗುವುದಿಲ್ಲ. ಜೋಡಿ ಸಲಾಕೆಯ ಕೊಳವೆ ಸಪಾಟು. ಅದರೊಳಗೆ ಗೇಣುದ್ದದ ಮರದ ಕೋಲೊಂದನ್ನು ಇಟ್ಟಿರುತ್ತಾರೆ, ಜಾಗ ತಡೆಯಲು. ಕೋಲು ಇದ್ದರೆ ಕಾನೂನಿನೊಳಗೆ, ತೆಗೆದರೆ ಹೊರಗೆ.

ಅಕ್ಕ ಕೊಳವೆಯ ಮುಚ್ಚಳ ಬಿಚ್ಚಿ, ಸ್ಪ್ರಿಂಗ್ ತೆಗೆದು, ದೀಪ ಹಿಡಿದು ಕಣ್ಣಿಡುತ್ತಾರೆ. ಗುಬುಟು ಇಲ್ಲ. ಇದ್ದು ಕೊರೆದಿದ್ದರೆ ಉಳಿಯುವ ಗಾಯವೂ ಇಲ್ಲ. ಮೈಯೊಳಗೆ ಎರಡು ಸಲಾಕೆಗೂ ಕಾರ್ಖಾನೆಯಲ್ಲೇ ಕೊರೆದ ಜಾಡು ಇದೆ. ಇದು ಹುಟ್ಟಿದಾಗಿನಿಂದಲೂ ಜೋಡಿ ಸಲಾಕೆಯೇ. ತಿದ್ದಿದ್ದಲ್ಲ. ಲೈಸೆನ್ಸಿನಲ್ಲಿ ಬರೆದದ್ದೇ ತಪ್ಪು. ಬರೆದವರು ಯಾರೆಂದು ಅಕ್ಕ ಪೇದೆ ತಂದ ಲೈಸೆನ್ಸಿಗೆ ಲಗತ್ತಿಸಿದ ಗುರುತಿನ ಕಾಗದ ತಿರುಗಿಸಿ ನೋಡುತ್ತಾರೆ. ಕೆಳಗಿರುವುದು ಇದೇ ಅಂಗಡಿಯ ಮೊಹರು, ಮಾವನ ಸಹಿ. ಮೂಲೆಯಲ್ಲಿ ಮಾವ ಆಟ ಗೆದ್ದ ಖುಷಿಯಲ್ಲಿ ಬೆರಳಲ್ಲಿ ತಾಳ ಹಾಕುತ್ತಿದ್ದಾರೆ.

ಅಕ್ಕ ಮೊದಲು ಕಾವಲುಗಾರರ ಕಡೆ ತಿರುಗುತ್ತಾರೆ. "ಈ ಕೊಳವೆ ಒಳಗೆ ಒಂದು ಮರದ ಕೋಲಿತ್ತಲ್ಲ, ಏನ್ ಮಾಡಿದ್ರಿ?"

ಕಾವಲುಗಾರ ಕಣ್ಣು ಪಿಳಿಪಿಳಿ ಬಿಡುತ್ತಾರೆ. "ಅದಾ? ಈ ಸಲ ಪೂರ್ತಿ ಬಿಚ್ಚಿ ಕ್ಲೀನ್ ಮಾಡೋಣ ಅಂತ ಕೂತೆ. ಒಂದು ಕೋಲು ಬಿತ್ತು. ನಮ್ಮದು ಒಂಟಿ ಸಲಾಕೆ ಅಲ್ವಾ ಅಂತ ಅದರ ಕೈಪಿಡಿ ತರಿಸಿ ಓದಿದೆ, ಅದರಲ್ಲಿ ಕೋಲಿನ ಮಾತೇ ಇಲ್ಲ. ಅಂಗಡಿಯೋರು ಪ್ಯಾಕಿಂಗಿಗೆ ಇಟ್ಟಿದ್ದು ಉಳ್ಕೊಂಡಿದೆ ಅಂದ್ಕೊಂಡೆ."

ಕೆಲಸಗಳ್ಳನಾಗಿದ್ದರೆ ಈ ಮನುಷ್ಯನಿಗೆ ಏನೂ ಆಗುತ್ತಿರಲಿಲ್ಲ. ಕೈಪಿಡಿ ತರಿಸಿ ಓದುವಷ್ಟು ಶಿಸ್ತು ಇದ್ದದ್ದೇ ಮುಳುವಾಯಿತು. ತಪ್ಪು ಹೆಸರಿನ ಬಂದೂಕಿಗೆ ಸರಿಯಾದ ಕೈಪಿಡಿ ಸಿಗುವುದಾದರೂ ಹೇಗೆ!

"ಎಸೆದ್ರಾ?"

"ನಾನು ಎಸೆದೆ. ಆಮೇಲೆ ಮನೆಯವಳು ಎತ್ಕೊಂಡ್ಳು ಅನ್ಸುತ್ತೆ." ಫೋನು ಹಚ್ಚುತ್ತಾರೆ. ಆ ಕಡೆಯ ದನಿ ಅಂಗಡಿಗೆಲ್ಲ ಕೇಳಿಸುತ್ತದೆ. "ಆ ಕೋಲಾ? ಅಡುಗೆಮನೆ ಕಿಟಕಿಗೆ ಕೊಟ್ಟಿದೀನಿ. ಅದು ತೆಗೆದ್ರೆ ಕಿಟಕಿ ನಿಲ್ಲಲ್ಲ, ಹೊಗೆ ಆಚೆ ಹೋಗಲ್ಲ. ನಿಮಗ್ಯಾಕೆ ಈಗ ಅದು?"

ಸ್ವಲ್ಪ ಹೊತ್ತಿಗೆಲ್ಲ ಆಕೆಯೇ ಕೋಲು ಹಿಡಿದು ಏದುಸಿರು ಬಿಡುತ್ತಾ ಬರುತ್ತಾರೆ, ಕಿಟಕಿಗೆ ಲಟ್ಟಣಿಗೆ ಕೊಟ್ಟು ಬಂದೆ ಎನ್ನುತ್ತಾ. ಒಂದು ತುದಿ ಮಸಿಯಾಗಿದೆ. ಇನ್ನೊಂದು ತುದಿಯಲ್ಲಿ ಕಾರ್ಖಾನೆಯ ಸಣ್ಣ ಗುರುತು ಇನ್ನೂ ಅಳಿಸಿಲ್ಲ. ಅಕ್ಕ ಅದನ್ನು ಒರೆಸಿ ಕೊಳವೆಯೊಳಗೆ ಜಾರಿಸುತ್ತಾರೆ. ಕೈಗೆ ಬಳೆ ಕೂತ ಹಾಗೆ ಕೂರುತ್ತದೆ. ನಕಲಿ ತೋಟಾ ಎರಡು ಹೋಗುತ್ತವೆ, ಮೂರನೆಯದು ತಲೆ ತೂರಿಸುವುದಿಲ್ಲ. ಕಾವಲುಗಾರ ಹೆಂಡತಿಯ ಮುಖ ನೋಡುತ್ತಾರೆ, ಆಕೆ ಕೋಲಿನ ಕಡೆ ನೋಡುತ್ತಾರೆ. "ಇಷ್ಟು ಪುಟ್ಟದಕ್ಕೆ ಜೈಲಾ?" ಎಂದು ಆಕೆ ಕೇಳಿದಾಗ ಪೇದೆಗೂ ನಗು ತಡೆಯಲಾಗುವುದಿಲ್ಲ.

ಇಷ್ಟರಲ್ಲಿ ಅಕ್ಕನ ಗಂಡ ಬಂದಿದ್ದಾರೆ. ಹೊರಗೆ ನಿಂತು ಎರಡು ಖಾಲಿ ಕೇಳಿಸಿಕೊಂಡು, ಒಳಗೆ ಬಂದು, ಹೆಂಡತಿ ಕಣ್ಣಲ್ಲೇ ತೋರಿಸಿದ ಮೊಹರನ್ನು ನೋಡಿದ್ದಾರೆ. ಇಬ್ಬರೂ ವ್ಯಾನಿನ ಪಕ್ಕಕ್ಕೆ ಹೋಗಿ ನಿಲ್ಲುತ್ತಾರೆ.

"ತಿದ್ದಿಲ್ಲ, ಮೊದಲಿಂದ ಜೋಡಿ ಸಲಾಕೆ, ಅಷ್ಟು ಬರಿ" ಎನ್ನುತ್ತಾರೆ ಗಂಡ. "ಹಿಂದೆ ಎಲ್ಲೋ ತಪ್ಪಾಗಿದೆ ಅಂತ ಹಾಕಿದ್ರೆ ಸಾಲದಾ? ಅಪ್ಪನ ಹೆಸರು ಯಾಕೆ ಎತ್ತಬೇಕು? ನಿನ್ನ ಅರ್ಜಿ ಬೇರೆ ಅವರ ಕೈಯಲ್ಲೇ ಇದೆ."

"ಹಾಗೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದ್ರೆ ಆ ಮನುಷ್ಯ ಉಳಿಯಲ್ಲರೀ" ಎನ್ನುತ್ತಾರೆ ಅಕ್ಕ. "ಜೋಡಿ ಸಲಾಕೆ ಮೈಮೇಲೆ ಒಂಟಿ ಸಲಾಕೆ ನಳಿಗೆ ಕೂತಿದೆ. ಇದನ್ನ ಯಾರು ಕೂರಿಸಿದ್ದು ಅಂತ ಕೇಳೇ ಕೇಳ್ತಾರೆ. ಅಪ್ಪಣೆ ಇಲ್ಲದೆ ನಳಿಗೆ ಬದಲಾಯಿಸೋದೂ ಅಪರಾಧವೇ. ಇವರಿಗೆ ಮಾರಿದೋರು ತೀರಿಕೊಂಡಿದಾರೆ. ನಳಿಗೆ ಮೊದಲೇ ಇತ್ತು ಅಂತ ಹೇಳೋಕೆ ಇರೋದು ಒಬ್ಬರೇ. ಮಾವ ಅವತ್ತು ನಳಿಗೆ ಓದಿಯೇ ಒಂಟಿ ಸಲಾಕೆ ಅಂತ ಬರೆದಿದ್ದು. ಅಂದ್ರೆ ಆ ನಳಿಗೆ ಅವತ್ತೇ ಇತ್ತು. ಅವರ ತಪ್ಪೇ ಇವರಿಗೆ ಸಾಕ್ಷಿ."

ಗಂಡ ವ್ಯಾನಿನ ಬಾಗಿಲು ತೆರೆದು ಮತ್ತೆ ಮುಚ್ಚುತ್ತಾರೆ. ಆಮೇಲೆ, "ಅಪ್ಪನಿಗೆ ನೀನೇ ಹೇಳು. ನನ್ನ ಕೈಲಾಗಲ್ಲ" ಎನ್ನುತ್ತಾರೆ.

ಅಕ್ಕ ಒಳಗೆ ಬಂದು ಮಾವನ ಕುರ್ಚಿಯ ಪಕ್ಕ ಮೊಣಕಾಲೂರುತ್ತಾರೆ. ಹೇಳುವುದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಬಂದೂಕಿನ ನಂಬರು ಹೇಳುತ್ತಾರೆ, ಮೊಹರಿನ ವರ್ಷ ಹೇಳುತ್ತಾರೆ, ಏನು ಬರೆದಿದೆ ಎಂದು ಹೇಳುತ್ತಾರೆ. ಮಾವನ ಬೆರಳಿನ ತಾಳ ನಿಲ್ಲುತ್ತದೆ.

"ಕೊಡು ಇಲ್ಲಿ."

ಬಂದೂಕನ್ನು ತೊಡೆಯ ಮೇಲಿಟ್ಟರೆ ಮುದುಕರ ಬೆರಳುಗಳು ಮೈಯಿಂದ ಹಿಂದಿನ ಮರಕ್ಕೆ, ಮರದಿಂದ ನಳಿಗೆಗೆ ಓಡಾಡುತ್ತವೆ. ಕೊರೆದ ಅಕ್ಷರಗಳ ಮೇಲೆ ಹೆಬ್ಬೆರಳು ನಿಲ್ಲುತ್ತದೆ.

"ನೆನಪಿದೆ" ಎನ್ನುತ್ತಾರೆ ಅವರು ಕೊನೆಗೆ. "ತುಕ್ಕು ಹಿಡಿದು ಕಚ್ಕೊಂಡಿತ್ತು. ಹಿಡಿ ಎಳೆಯೋಕೇ ಬರಲಿಲ್ಲ, ಸದ್ದು ಕೇಳಲಿಲ್ಲ. ಎಣ್ಣೆ ಬಿಟ್ಟು ಒಂದು ದಿನ ಇಡಬೇಕಿತ್ತು. ಜನ ಮೈಮೇಲೆ ಬೀಳ್ತಿದ್ರು. ಬಿಚ್ಚಿ ನೋಡೋಣ ಅಂದ್ರೆ..." ಹೆಬ್ಬೆರಳು ಅಕ್ಷರಗಳ ಮೇಲೆ ಇನ್ನೊಮ್ಮೆ ಹರಿಯುತ್ತದೆ. "ಬಿಚ್ಚಿದ್ರೂ ಒಳಗೆ ಕಾಣ್ತಿರಲಿಲ್ಲ ಕಣಮ್ಮ. ಅಷ್ಟು ಹೊತ್ತಿಗೇ ಕಣ್ಣು ಮಂಜಾಗಿತ್ತು. ನಿನಗೂ ಹೇಳಿರಲಿಲ್ಲ. ಹೇಳಿದ್ರೆ ಮೇಜು ಬಿಡು ಅಂತೀಯಲ್ಲ ಅಂತ. ನಳಿಗೆ ಮೇಲಿನ ಅಕ್ಷರ ಹೀಗೇ ಬೆರಳಲ್ಲಿ ಓದಿ ಬರೆದುಬಿಟ್ಟೆ. ನಳಿಗೆ ನಂಬಬೇಡ ಅಂತ ನಿನಗೆ ಹೇಳ್ಕೊಟ್ಟವನು ನಾನೇ."

ಅಕ್ಕನ ಕಣ್ಣು ತುಂಬಿ ಬರುತ್ತದೆ. ಮಾವ ತಪ್ಪು ಮಾಡಿದ್ದಕ್ಕಲ್ಲ, ಅಷ್ಟು ದಿನ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿದ್ದರೂ ತನಗೆ ಅವರ ಕಣ್ಣಿನ ವಿಷಯ ಗೊತ್ತಾಗಲಿಲ್ಲವಲ್ಲ ಎಂಬುದಕ್ಕೆ. "ಬರೀಲಾ ಮಾವ?" ಎಂದು ಕೇಳುತ್ತಾರೆ.

"ಬರಿ. ಬರೆದ ಮೇಲೆ ನನ್ನನ್ನ ಆಚೆ ಕಡೆ ಕರ್ಕೊಂಡು ಹೋಗು. ಕಾಗದ ನೀನು ಕೊಡು, ಮಾತು ನಾನೇ ಹೇಳ್ತೀನಿ."

ರಸ್ತೆ ದಾಟುವ ಆ ಮೆರವಣಿಗೆ ನೋಡುವಂತಿದೆ. ಮುಂದೆ ಬಂದೂಕು ಹಿಡಿದ ಪೇದೆ, ಅವರ ಹಿಂದೆ ಸೊಸೆಯ ತೋಳು ಹಿಡಿದ ಮುದುಕರು, ಅವರ ಹಿಂದೆ ಇಸ್ತ್ರಿ ಕೆಡದ ಕಾವಲುಗಾರ, ಕೋಲು ತಂದ ಹೆಂಡತಿ, ಎಲ್ಲರ ಹಿಂದೆ ವ್ಯಾನಿನ ಕೀಲಿ ತಿರುಗಿಸುತ್ತಾ ಗಂಡ. ತಪಾಸಣೆ ಅಧಿಕಾರಿ ಹಿರಿಯರನ್ನು ಕಂಡು ಎದ್ದು ನಿಂತು ಕುರ್ಚಿ ಎಳೆದುಕೊಡುತ್ತಾರೆ. ಮಾವ ಕೂರುವುದಿಲ್ಲ. ನಿಂತೇ ಎಲ್ಲವನ್ನೂ ಹೇಳುತ್ತಾರೆ, ತುಕ್ಕು, ಜನ, ಮಂಜಾದ ಕಣ್ಣು, ಒಂದನ್ನೂ ಬಿಡದೆ. ಹಾಲಿನಲ್ಲಿ ಸಾಲು ನಿಂತವರು ತಮ್ಮ ತಮ್ಮ ಬಂದೂಕು ಹಿಡಿದು ಕೇಳಿಸಿಕೊಳ್ಳುತ್ತಾರೆ.

ಅಧಿಕಾರಿ ಬಂದೂಕನ್ನು ತಾವೇ ಬಿಚ್ಚಿ, ದೀಪ ಹಿಡಿದು ಕೊಳವೆ ನೋಡುತ್ತಾರೆ. ಕೆಲಸ ಬಲ್ಲವರು, ನೋಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಲೈಸೆನ್ಸಿನಲ್ಲಿ ಮಾದರಿ ತಿದ್ದಬೇಕು, ನಳಿಗೆಯನ್ನು ದಾಖಲು ಮಾಡಬೇಕು, ಕೋಲನ್ನು ಕೋವಿಯಕ್ಕ ಇನ್ನೆಂದೂ ಬೀಳದ ಹಾಗೆ ಒಳಗೆ ಭದ್ರ ಮಾಡಿ ಮುದ್ರೆ ಹಾಕಬೇಕು. ಕೇಸ್ ಇಲ್ಲ. "ಇನ್ನು ಮುಂದೆ ಬಂದೂಕಿಂದ ಏನಾದ್ರೂ ಬಿದ್ರೆ ಮನೇಲಿ ಕೊಡಬೇಡಿ, ಅಕ್ಕನ ಹತ್ರ ತನ್ನಿ" ಎಂದು ಕಾವಲುಗಾರರಿಗೆ ಹೇಳುತ್ತಾರೆ. ಕಾವಲುಗಾರ ಮುದುಕರ ಎರಡೂ ಕೈ ಹಿಡಿದುಕೊಳ್ಳುತ್ತಾರೆ.

"ಬಿಡಪ್ಪಾ, ನಿನ್ನನ್ನ ಇಲ್ಲಿಗೆ ತಂದವನೂ ನಾನೇ" ಎನ್ನುತ್ತಾರೆ ಮಾವ.

ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಅಧಿಕಾರಿ ಸಂಕೋಚದಿಂದಲೇ ಇನ್ನೊಂದು ಮಾತು ಹೇಳುತ್ತಾರೆ. ಕಣ್ಣು ಮಂಜಾದ ಆ ಕಾಲದಲ್ಲಿ ಹಿರಿಯರು ಮೊಹರು ಒತ್ತಿದ ಬಂದೂಕುಗಳನ್ನೆಲ್ಲ ಮತ್ತೆ ಕರೆಸಿ ನೋಡಬೇಕಾಗುತ್ತದೆ. ಆ ಕೆಲಸ ಮುಗಿಯುವವರೆಗೆ ಅಂಗಡಿಯನ್ನು ಸೊಸೆಯ ಹೆಸರಿಗೆ ಮಾಡುವ ಅರ್ಜಿಯೂ ಮುಂದೆ ಹೋಗುವಂತಿಲ್ಲ. ಮಾವನ ತಲೆ ತಗ್ಗುತ್ತದೆ. ಗಂಡ ಹೆಂಡತಿಯ ಕಡೆ, ನಾನು ಮೊದಲೇ ಹೇಳಿರಲಿಲ್ಲವೇ ಎಂಬಂತೆ ನೋಡುತ್ತಾರೆ.

"ಕರೆಸಿ ಸರ್" ಎನ್ನುತ್ತಾರೆ ಕೋವಿಯಕ್ಕ, ಒಂದು ಗಳಿಗೆಯೂ ಯೋಚಿಸದೆ. "ಎಲ್ಲಾನೂ ಕರೆಸಿ. ನಾಳೆಯಿಂದಲೇ ಶುರು ಮಾಡೋಣ."

ಮರುದಿನ ಬೆಳಿಗ್ಗೆ ಷಟರ್ ಮತ್ತೆ ಸೊಂಟದ ಮಟ್ಟಕ್ಕೆ ಎದ್ದಿದೆ. ಮೇಜಿನ ಕಂಬಳಿಯ ಮೇಲೆ ಹಳೆಯ ಮೊಹರಿನ ಮೊದಲ ಬಂದೂಕು. ಗೋಡೆಗೆ ಒರಗಿಸಿಟ್ಟ ಇನ್ನಷ್ಟು ಬಂದೂಕುಗಳು ಸರದಿ ಕಾಯುತ್ತಿವೆ. ಇಷ್ಟೆಲ್ಲ ಮತ್ತೆ ನೋಡುವುದು ಬೇಸರವಲ್ಲವೇ ಎಂದರೆ ಅಕ್ಕ ತಲೆಯಾಡಿಸುತ್ತಾರೆ. "ನನಗೆ ದೊಡ್ಡ ಆಸೆ ಏನೂ ಇಲ್ಲ. ಮಾವನ ಮೊಹರು ಬಿದ್ದಿರೋ ಕಡೆ ಒಂದೂ ತಪ್ಪು ಉಳೀಬಾರದು. ಆಮೇಲೆ ಬೋರ್ಡಿನಲ್ಲಿ ಯಾರ ಹೆಸರಿದ್ರೆ ಏನು?"

ಕುರ್ಚಿ ಇಂದು ಮೂಲೆಯಲ್ಲಿಲ್ಲ. ಬೆಳಿಗ್ಗೆ ಎದ್ದ ಮಾವ, ಇಂದು ತಾನು ಬರುವುದಿಲ್ಲ ಎಂದಿದ್ದರಂತೆ. ಸೊಸೆ ಕೈ ಹಿಡಿದು ಕರೆತಂದು ಕುರ್ಚಿಯನ್ನು ಮೇಜಿಗೆ ತಾಗಿಸಿ ಹಾಕಿದ್ದಾರೆ. ಕಿರುಬೆರಳು ತೂರಿಸಿ, "ಖಾಲಿ" ಎನ್ನುತ್ತಾರೆ. ಪಕ್ಕದಿಂದ ದನಿ ಬರುವುದಿಲ್ಲ. ಅಕ್ಕ ಕಾಯುತ್ತಾರೆ. ಬೆರಳು ಅಲ್ಲೇ ಇದೆ, ಇಕ್ಕಳ ಮುಟ್ಟುವುದಿಲ್ಲ, ಹೊರಗೆ ವ್ಯಾನಿನ ಪಕ್ಕ ಗಂಡನೂ ಕಾಯುತ್ತಿದ್ದಾರೆ.

"ಖಾಲಿ ತಾನೇ?" ಎನ್ನುತ್ತಾರೆ ಮಾವ, ಬಹಳ ಹೊತ್ತಾದ ಮೇಲೆ.

"ಖಾಲಿ, ಮಾವ." ಅಕ್ಕ ಹಿಡಿಯನ್ನು ಎಳೆದು ತಳ್ಳುತ್ತಾರೆ. ಸದ್ದು ಅಂಗಡಿಯಲ್ಲೆಲ್ಲ ತುಂಬಿಕೊಳ್ಳುತ್ತದೆ. "ಹೇಳಿ ನೋಡೋಣ."

"ಒಂಟಿ ಸಲಾಕೆ" ಎನ್ನುತ್ತಾರೆ ಮುದುಕರು, ತಗ್ಗಿದ ದನಿಯಲ್ಲಿ. "ಆದ್ರೂ ನೀನೊಂದ್ಸಲ ಬಿಚ್ಚಿ ನೋಡಮ್ಮ."

ಅಕ್ಕ ಬಿಚ್ಚಿ, ದೀಪ ಹಿಡಿದು, ಕೊಳವೆಯೊಳಗೆ ಕಣ್ಣಿಟ್ಟು ನೋಡುತ್ತಾರೆ. ಎರಡು ಗುಬುಟು, ಕಾರ್ಖಾನೆಯವು. ಒಂದೇ ಸಲಾಕೆ.

"ಸರಿಯಾಗೇ ಬರೆದಿದೀರಿ, ಮಾವ" ಎಂದು ಅವರು ಮುಂದಿನ ಬಂದೂಕಿಗೆ ಕೈ ಚಾಚುತ್ತಾರೆ.